ಹೂಮರಕ್ಕೆ ನೀರು ಹೊಯ್ದವಳು

ನಮ್ಮ ಸಂಘದ ಸಭೆ ಪ್ರತಿ ಗುರುವಾರ ಸಂಜೆ. ಉಳಿತಾಯದ ದುಡ್ಡು ಎಣಿಸುವುದು, ಸಾಲದ ಕಂತು ಬರೆದುಕೊಳ್ಳುವುದು, ಪಾಸ್‌ಪುಸ್ತಕಕ್ಕೆ ಸಹಿ ಹಾಕಿಸುವುದು, ಆಮೇಲೆ ಯಾರ ಮನೆಯಲ್ಲಿ ಏನು ತೊಂದರೆ ಎಂದು ಕೇಳುವುದು ವಾಡಿಕೆ. 2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಧಾರಾವಾಹಿ ಶುರುವಾದ ಮೇಲೆ ಈ ಕೊನೆಯ ಭಾಗವೇ ಬಿದ್ದುಹೋಯಿತು. ದುಡ್ಡು ಎಣಿಸಿ ಮುಗಿಯುವಷ್ಟರಲ್ಲಿ ಒಬ್ಬೊಬ್ಬರೇ ಸೆರಗು ಕೊಡವಿ ಏಳುತ್ತಿದ್ದರು. "ಬೇಗ ಬರಿ ಅಕ್ಕ, ಹಾವಿನ ಹೊತ್ತಾಯ್ತು" ಎನ್ನುವುದು ಎಲ್ಲರ ತಮಾಷೆಯಾಗಿಬಿಟ್ಟಿತ್ತು.

ಒಂದು ಗುರುವಾರ ನನಗೆ ಸಿಟ್ಟು ಬಂತು. ಪುಸ್ತಕ ಮುಚ್ಚಿಟ್ಟು ಭಾಷಣ ಶುರು ಮಾಡಿದೆ. ಹೆಣ್ಣನ್ನು ಹಾವು ಮಾಡುತ್ತಾರೆ, ದೆವ್ವ ಮಾಡುತ್ತಾರೆ, ಮಾಟಗಾತಿ ಮಾಡುತ್ತಾರೆ, ಅದನ್ನು ನೀವು ಬಾಯಿಬಿಟ್ಟುಕೊಂಡು ನೋಡುತ್ತೀರಿ, ನಾಳೆ ನಿಮ್ಮ ಸೊಸೆಯನ್ನೂ ಹಾವಿನ ಹಾಗೆಯೇ ನೋಡುತ್ತೀರಿ ಎಂದೆಲ್ಲ ಹೇಳಿದೆ. ಶಿಬಿರಗಳಲ್ಲಿ ಕಲಿತಿದ್ದ ಮಾತುಗಳು, ಸರಾಗವಾಗಿ ಬಂದವು. ಮೂಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತಿದ್ದ ಅಜ್ಜಿಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ಆ ಹಾವಾದ್ರೂ ತಿರುಗಿ ಕಚ್ತಾಳೆ ಕಣವ್ವ. ನಾವೇನ್ ಮಾಡಿದ್ವಿ?"

ಆ ಅಜ್ಜಿ ಗಂಡನ ಕೈಯಲ್ಲಿ ನಲವತ್ತು ವರ್ಷ ಏಟು ತಿಂದವರು. ಬೀದಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ಮಾತಾಡಲಿಲ್ಲ. ನನ್ನ ಭಾಷಣ ಅಲ್ಲಿಗೇ ನಿಂತಿತು.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ನಾವು ಕೇಳಿ ಬೆಳೆದ ಅದ್ಭುತ ಕಥೆಗಳಲ್ಲಿ, ನೋಡುವ ಮಾಯಾ ಸಿನಿಮಾ ಧಾರಾವಾಹಿಗಳಲ್ಲಿ ಹೆಣ್ಣು ಏನಾಗಿದ್ದಾಳೆ? ಇದು ಓದಿದವರ ಚರ್ಚೆ, ನಮಗೇಕೆ ಎಂದು ದಯವಿಟ್ಟು ಪುಟ ತಿರುವಬೇಡಿ. ಕಾನೂನಿನ ಹೆಸರು ನಾವು ಮೂವತ್ತು ದಾಟಿದ ಮೇಲೆ ಕೇಳಿದ್ದು. ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ಮೂರು ವರ್ಷಕ್ಕೇ ಕೇಳಿದ್ದೇವೆ. ಯಾವುದು ಹೆಚ್ಚು ಆಳಕ್ಕೆ ಇಳಿದಿರುತ್ತದೆ?

ಮೊದಲು ಅಜ್ಜಿಯ ಹಾವಿನ ವಿಷಯವೇ ಮುಗಿಸುತ್ತೇನೆ. ಅಜ್ಜಿಯ ಮಾತಿಗೆ ನಾನು ತಲೆಬಾಗುತ್ತೇನೆ. ತಿರುಗಿ ಕಚ್ಚುವ ಹೆಣ್ಣನ್ನು ನೋಡುವ ಸುಖವನ್ನು ಯಾರಿಂದಲೂ ಕಿತ್ತುಕೊಳ್ಳಬಾರದು. ಆದರೆ ಈ ಹಾವುಹೆಣ್ಣು ಯಾರಿಗಾಗಿ ಕಚ್ಚುತ್ತಾಳೆ ಎಂದು ಗಮನಿಸಿದ್ದೀರಾ? 1976ರಲ್ಲಿ ಬಂದ ಹಿಂದಿ ‘ನಾಗಿನ್’ ಚಿತ್ರದಲ್ಲಿ ತನ್ನ ಜೊತೆಯ ಗಂಡುನಾಗನನ್ನು ಕೊಂದವರನ್ನು ಅವಳು ಒಬ್ಬೊಬ್ಬರನ್ನಾಗಿ ಬೇಟೆಯಾಡುತ್ತಾಳೆ. 1986ರ ‘ನಗೀನಾ’ದಲ್ಲಿ ಶ್ರೀದೇವಿಯ ನಾಗಕನ್ಯೆ ಸೊಸೆಯಾಗಿ ಮನೆ ಸೇರುತ್ತಾಳೆ, ಕೊನೆಗೆ ಗಂಡನನ್ನು ಉಳಿಸಿಕೊಳ್ಳುವುದೇ ಅವಳ ಹೋರಾಟ. ನಾನು ನೋಡಿದ ಮಟ್ಟಿಗೆ ಹಾವುಹೆಣ್ಣು ತನ್ನ ಮೈಮೇಲೆ ಬಿದ್ದ ಬರೆಗಾಗಿ ಕಚ್ಚಿದ್ದು ಬಹಳ ಅಪರೂಪ. ಸತ್ತ ನಲ್ಲನಿಗಾಗಿ ಕಚ್ಚುತ್ತಾಳೆ, ಗಂಡನ ಪ್ರಾಣಕ್ಕಾಗಿ ಕಚ್ಚುತ್ತಾಳೆ. ಹೆಡೆ ಬಿಚ್ಚಿದರೂ ಪತಿವ್ರತೆಯೇ. ಇನ್ನೊಂದು ವಿಷಯವಿದೆ. ಆ ಮನೆಯಲ್ಲಿ ಅವಳಿಗೆ ಒಬ್ಬ ಗೆಳತಿಯೂ ಇರುವುದಿಲ್ಲ. ಅತ್ತೆ, ನಾದಿನಿ, ಓರಗಿತ್ತಿ, ಕೆಲಸದವಳು, ಎಲ್ಲರೂ ಕದ್ದು ನೋಡುವವರು, ಹೊಂಚು ಹಾಕುವವರು. ಇಷ್ಟೊಂದು ಶಕ್ತಿಯಿರುವ ಹೆಣ್ಣಿಗೆ ಮಧ್ಯಾಹ್ನ ಕೂತು ಎರಡು ಮಾತಾಡಲು ಒಂದು ಜೀವ ಇಲ್ಲ.

ಈ ಎರಡನೆಯ ವಿಷಯದಿಂದಲೇ ನನ್ನ ಯೋಚನೆ ಬೇರೆ ದಾರಿ ಹಿಡಿಯಿತು. ಇಂಥ ಕಥೆಗಳ ಬಗ್ಗೆ ಮಾತಾಡುವಾಗ ನಾವು ಯಾವಾಗಲೂ ನಾಯಕಿಯನ್ನೇ ನೋಡುತ್ತೇವೆ. ಅವಳು ಅಬಲೆಯೋ ಸಬಲೆಯೋ, ದೇವತೆಯೋ ರಾಕ್ಷಸಿಯೋ ಎಂದು ಅಳೆಯುತ್ತೇವೆ. ಅವಳ ಪಕ್ಕದಲ್ಲಿ ನಿಂತ ಹೆಂಗಸು ಯಾರು, ಆ ಹೊತ್ತಿನಲ್ಲಿ ಅವಳು ಏನು ಮಾಡಿದಳು ಎಂದು ಕೇಳುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಮರವಾಗುತ್ತೇವೆ, ಹಾವಾಗುತ್ತೇವೆ? ಪಕ್ಕದಲ್ಲಿ ನಿಂತವರು ಮಾತ್ರ ನಾವೆಲ್ಲರೂ ಹೌದು.

ಚಂದಮಾಮದ ಕಥೆಗಳನ್ನು ಬೇಗ ದಾಟಿಬಿಡುತ್ತೇನೆ. ಆ ಪತ್ರಿಕೆ ಈಗ ನಿಂತುಹೋಗಿದೆ, ಆದರೆ ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಅಕ್ಷರದ ರುಚಿ ಹತ್ತಿಸಿದ್ದೇ ಅದು. ಋಣ ಮರೆಯಬಾರದು. ಆದರೂ ಅಲ್ಲಿನ ರಾಜರ ಡಂಗುರ ನೆನಪಿದೆಯಲ್ಲ? ರಾಕ್ಷಸನನ್ನು ಕೊಂದವನಿಗೆ ಅರ್ಧ ರಾಜ್ಯ ಮತ್ತು ನನ್ನ ಮಗಳು. ಮಗಳ ಜೊತೆಗೆ ಅರ್ಧ ರಾಜ್ಯ! ಹಾಗಾದರೆ ಇದೇನು? ಸ್ಕೂಟರು, ಸೈಟು, ಹತ್ತು ತೊಲ ಬಂಗಾರದ ರಾಜರ ಮನೆಯ ರೂಪವಲ್ಲವೇ? ಓದುವಾಗ ನಮಗೆ ಒಂದು ದಿನವೂ ಹಾಗೆ ಕಾಣಲಿಲ್ಲ. ಬೇತಾಳನ ಕಥೆಯೂ ಹಾಗೆಯೇ. ಗಂಡನ ತಲೆ, ಮತ್ತೊಬ್ಬನ ಮುಂಡ ಅದಲುಬದಲಾಗಿ ಜೋಡಿಕೊಂಡಾಗ ಹೆಣ್ಣು ಯಾರಿಗೆ ಸೇರಬೇಕು ಎಂದು ಬೇತಾಳ ರಾಜನನ್ನು ಕೇಳುತ್ತಾನೆ. ರಾಜ ಉತ್ತರವನ್ನೂ ಕೊಡುತ್ತಾನೆ. ಅಲ್ಲೇ ನಿಂತಿರುವ ಹೆಣ್ಣನ್ನು ಇಬ್ಬರೂ ಕೇಳುವುದಿಲ್ಲ. ರಾಮಾಯಣದ ಶೂರ್ಪನಖಿ ಯಾರೂ ಕೇಳದಿದ್ದರೂ ತನ್ನ ಆಸೆಯನ್ನು ತಾನೇ ಹೇಳಿಕೊಂಡಳು. ಅವಳ ಮೂಗು ಹೋಯಿತು. ಹೇಳದಿದ್ದರೆ ಲೆಕ್ಕಕ್ಕಿಲ್ಲ, ಹೇಳಿದರೆ ಮೂಗಿಲ್ಲ.

ಈಗ ‘ಕೆರೆಗೆ ಹಾರ’ದ ಭಾಗೀರಥಿಗೆ ಬರುತ್ತೇನೆ. ಇದನ್ನು ಹಾಡದ ಊರು ನಮ್ಮಲ್ಲಿಲ್ಲ. ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕೆರೆ ಒಂದು ಜೀವ ಕೇಳಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು, ಆದ್ದರಿಂದ ಕಿರಿಯ ಸೊಸೆ. ಗಂಡ ದಂಡಿಗೆ ಹೋಗಿದ್ದಾನೆ. ಶಾಲೆಯಲ್ಲಿ ನಮ್ಮಿಂದ ಇದನ್ನು ಹಾಡಿಸಿದರು. ಮೇಷ್ಟ್ರು ತ್ಯಾಗದ ಬಗ್ಗೆ ಹೇಳಿದರು. ನಾವು ಹುಡುಗಿಯರು ಕಣ್ಣೊರೆಸಿಕೊಂಡೆವು. ಆ ವಯಸ್ಸಿನಲ್ಲಿ ಭಾಗೀರಥಿಯೇ ಆಗಬೇಕು ಅನ್ನಿಸಿತ್ತೆಂದರೆ ನಂಬುತ್ತೀರಾ?

ಆ ಹಾಡಿನಲ್ಲಿ ಒಂದು ಜಾಗವಿದೆ. ಸಾಯುವ ಮುಂಚೆ ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖ ಬಾಡಿರುವುದನ್ನು ಕಂಡು ತವರಿನವರು ಕೇಳುತ್ತಾರೆ. ನಿಜ ಹೇಳುವುದಿಲ್ಲ ಅವಳು. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ನಾವು ಕೊಡುತ್ತೇವೆ ಎಂದು ಅವರು ಸಮಾಧಾನ ಮಾಡುತ್ತಾರೆ. ಅಲ್ಲಿಂದ ಗೆಳತಿಯ ಮನೆಗೆ ಹೋಗುತ್ತಾಳೆ. ಗೆಳತಿಗೆ ಮಾತ್ರ ನಿಜ ಹೇಳುತ್ತಾಳೆ, ನನ್ನನ್ನು ಕೆರೆಗೆ ಕೊಡುತ್ತಾರಂತೆ ಎಂದು. ಗೆಳತಿಯ ಉತ್ತರದ ಅರ್ಥವಿಷ್ಟೇ: ಕೊಟ್ಟರೆ ಕೊಡಲಿ, ಅವರು ಹೇಗೆ ಇರಿಸುತ್ತಾರೋ ಹಾಗೆ ಇರಬೇಕಲ್ಲವೇ.

ಶಾಲೆಯಲ್ಲಿ ಈ ಗೆಳತಿಯ ಬಗ್ಗೆ ಮೇಷ್ಟ್ರು ಏನೂ ಹೇಳಲಿಲ್ಲ. ನಾನೂ ಅವಳನ್ನು ಮರೆತೇ ಬಿಟ್ಟಿದ್ದೆ, 1996ರವರೆಗೆ.

ಆ ವರ್ಷ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಬಳೆ ಮೇಲಕ್ಕೆ ಸರಿಸಿ ಮಣಿಕಟ್ಟು ತೋರಿಸಿದಳು. ಸ್ಕೂಟರಿನ ದುಡ್ಡು ಬಾಕಿಯಿತ್ತು. ತವರಿಗೆ ಹೋಗಿ ಬಂದೆಯಾ ಎಂದು ಕೇಳಿದೆ. ಹೋಗಿದ್ದಳು. ಅವರಿಗೆ ವರ್ಗವಾಗಬಹುದು, ಬೇರೆ ಮನೆ ಮಾಡಬೇಕಾಗಬಹುದು ಎಂದಷ್ಟೇ ಹೇಳಿ ಬಂದಿದ್ದಳು. ಅಪ್ಪನಿಗೆ ಎದೆನೋವು, ತಂಗಿಗೆ ಗಂಡು ನೋಡುತ್ತಿದ್ದರು. ನಾನು ಕಾಫಿ ಮಾಡಿ ಕೊಟ್ಟೆ. ಕೈಗೆ ಎಣ್ಣೆ ಹಚ್ಚಿದೆ. "ಸ್ವಲ್ಪ ದಿನ ಸಹಿಸಿಕೋ ಕಣೇ, ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ" ಎಂದೆ. ಸಂಜೆಯ ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ಮಲ್ಲಿಗೆ ಕೊಟ್ಟು ಬಂದೆ.

ಹನ್ನೊಂದು ತಿಂಗಳಿಗೆ ಸುದ್ದಿ ಬಂತು. ಸ್ಟೌ ಸಿಡಿಯಿತಂತೆ.

ಹೆಣದ ಮುಂದೆ ಕೂತಾಗ ನನಗೆ ಆ ಹಾಡು ನೆನಪಾಯಿತು. ಭಾಗೀರಥಿಯಲ್ಲ, ಗೆಳತಿ. ಅವಳ ಮಾತನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಬೇಕಾದ ಹೊತ್ತಿಗೆ ನನ್ನ ಬಾಯಿಂದಲೇ ಬಂದಿತ್ತು. ನನ್ನ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಹಾಡಿನ ಗೆಳತಿಯ ಮನಸ್ಸೂ ಕೆಟ್ಟದ್ದಾಗಿರಲಿಲ್ಲ ಎಂದೇ ಈಗ ತೋರುತ್ತದೆ. ಅಂಥ ಹೊತ್ತಿನಲ್ಲಿ ಹೇಳಲು ನಮ್ಮಿಬ್ಬರಿಗೂ ಬೇರೆ ಮಾತನ್ನು ಯಾರೂ ಕಲಿಸಿರಲಿಲ್ಲ.

ಅದೇ ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ, ನಮ್ಮಂಥ ಊರುಗಳಲ್ಲೂ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರಾತ್ರಿ ಹೆಣ್ಣು ದೆವ್ವವೊಂದು ಬೀದಿ ಬೀದಿ ಅಲೆಯುತ್ತದೆ, ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸತ್ತಂತೆ. ಕೆಲವರು ಅವಳನ್ನು ಮದುವಣಗಿತ್ತಿ ಎಂದರು, ಗಂಡನನ್ನು ಹುಡುಕುತ್ತಿದ್ದಾಳೆ ಎಂದರು. ‘ನಾಳೆ ಬಾ’ ಎಂದು ಓದಿಕೊಂಡು ಅವಳು ಹಿಂದಿರುಗಬೇಕು, ನಾಳೆ ಬಂದು ಮತ್ತೆ ಅದನ್ನೇ ಓದಬೇಕು. ಎಷ್ಟು ವಿಧೇಯ ದೆವ್ವ ನೋಡಿ, ಅಕ್ಷರ ಬಲ್ಲದ್ದು, ಹೇಳಿದ ಮಾತು ಕೇಳುವಂಥದ್ದು! 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಇಂಥದೇ ಕಥೆಯನ್ನು ಹಿಡಿದು ದೇಶವನ್ನೆಲ್ಲ ನಗಿಸಿತು. ನಾನೂ ನಕ್ಕೆ.

ಆದರೆ ಆ ವರ್ಷಗಳಲ್ಲಿ ಬೀದಿಯಲ್ಲಿ ನಿಜಕ್ಕೂ ಹೆಣ್ಣುಮಕ್ಕಳು ಇದ್ದರು. ರಾತ್ರಿ ಹೊರಹಾಕಿದವರು, ತವರಿನ ಬಾಗಿಲು ಬಡಿದವರು. ಅತ್ತೆಯ ಕೈಯಲ್ಲಿ ಒಂದು ದಿನವೂ ಸಿಡಿಯದ ಸ್ಟೌ ಸೊಸೆ ಮುಟ್ಟಿದರೇ ಏಕೆ ಸಿಡಿಯುತ್ತದೆ ಎಂದು ಮಹಿಳಾ ಸಂಘಟನೆಗಳು ಕೇಳುತ್ತಿದ್ದ ಕಾಲ. ಗುರುತಿನವರ ದನಿಯಲ್ಲಿ ಕರೆಯುತ್ತಿದ್ದ ಹೆಣ್ಣು ಗುರುತಿನವಳೇ ಆಗಿದ್ದರೆ? ಆ ಬಾಗಿಲುಗಳ ಒಳಗೆ ಸುಣ್ಣದ ಕಡ್ಡಿ ಹಿಡಿದು ನಿಂತವರಲ್ಲಿ ಹೆಂಗಸರೂ ಇದ್ದರು. ನಮ್ಮ ಮನೆಯ ಬಾಗಿಲ ಮೇಲೆ ಬರೆದದ್ದು ನಾನೇ, ಅಕ್ಷರ ಚೆನ್ನಾಗಿದೆ ಎಂದು ಅಮ್ಮ ನನ್ನ ಕೈಯಲ್ಲಿ ಬರೆಸಿದ್ದರು. ನನ್ನ ಗೆಳತಿಯ ತಂದೆ ದೂರು ಕೊಡಲು ಹೋದ ಠಾಣೆಯಲ್ಲಿ ಸಾಹೇಬರಿರಲಿಲ್ಲ. ಅಲ್ಲಿದ್ದವರು ಹೇಳಿದ್ದೂ ಇದೇ ಎರಡು ಶಬ್ದ. ಅವರು ಮರುದಿನ ಹೋದರು, ಅದರ ಮರುದಿನವೂ ಹೋದರು.

ಹಾಗೆಂದು ನಮ್ಮ ಅದ್ಭುತ ಕಥೆಗಳೆಲ್ಲ ಹೆಣ್ಣಿನ ವಿರೋಧಿ ಎಂದು ನಾನು ಹೇಳುತ್ತಿಲ್ಲ. ಹಿಂದೆ ಹಾಗೆ ಹೇಳುತ್ತಿದ್ದೆ, ಶಿಬಿರಗಳಲ್ಲಿ ಚಪ್ಪಾಳೆಯೂ ಬೀಳುತ್ತಿತ್ತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಗಂಡಸರು ಬರೆದ, ತೆರೆಗೆ ತಂದ ಕಥೆಗಳು ಒಂದು ಬಗೆ. ಹೆಂಗಸರು ಅಡುಗೆಮನೆಯಲ್ಲಿ ಕೂತು ಮಕ್ಕಳಿಗೆ ಹೇಳುತ್ತ ಬಂದ ಕಥೆಗಳು ಇನ್ನೊಂದು ಬಗೆ. ಎ.ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸುತ್ತಾಡಿ ಇಂಥ ಕಥೆಗಳನ್ನು ಸಂಗ್ರಹಿಸಿದರು. ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಅವು ಒಂದು ದೊಡ್ಡ ಪುಸ್ತಕವಾಗಿ ಬಂದವು. ಹೆಂಗಸರು ಹೇಳುವ ಕಥೆಗಳಲ್ಲಿ ಮದುವೆಯಿಂದ ಕಥೆ ಮುಗಿಯುವುದಿಲ್ಲ, ಮದುವೆಯ ಮೇಲೆಯೇ ಕಷ್ಟ ಶುರುವಾಗುತ್ತದೆ ಎನ್ನುವುದನ್ನು ಅವರು ಗುರುತಿಸಿದ್ದರು. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಾಮಾನುಜನ್ ಹೇಳಿದ ಎರಡು ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ನಾಟಕ ಬರೆದರು. ಟಿ.ಎಸ್. ನಾಗಾಭರಣ ಅವರ ಸಿನಿಮಾ 1997ರಲ್ಲಿ ಬಂದಾಗ ನಾವು ಟ್ರ್ಯಾಕ್ಟರಿನಲ್ಲಿ ಹೋಗಿ ನೋಡಿದ್ದೆವು. ಇಲ್ಲಿಯೂ ಹಾವಿದೆ, ಆದರೆ ಹೆಣ್ಣು ಹಾವಲ್ಲ. ರಾಣಿಯನ್ನು ಗಂಡ ಅಪ್ಪಣ್ಣ ಮನೆಯೊಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಬಂದು ಉಂಡು ಮತ್ತೆ ಬೀಗ. ರಾತ್ರಿ ನಾಗ ಗಂಡನ ರೂಪ ತಳೆದು ಬಂದು ಮುದ್ದಿಸುತ್ತಾನೆ. ಒಬ್ಬನೇ ಮನುಷ್ಯ ಹಗಲು ಒದೆಯುವುದು, ರಾತ್ರಿ ಮುದ್ದಿಸುವುದು ಹೇಗೆ ಎಂದು ರಾಣಿಗೆ ತಿಳಿಯುವುದಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವಳು ಆ ಜಾಗದಲ್ಲಿ "ಇದರಲ್ಲೇನು ಮಾಯೆ? ನಮ್ಮ ಮನೇಲೂ ಹಂಗೇ" ಎಂದು ಮೆಲ್ಲಗೆ ಹೇಳಿದಳು. ಅದನ್ನು ಕೇಳಿ ಸಾಲಿಗೆ ಸಾಲೇ ನಕ್ಕಿತು.

ಬಸುರಿಯಾದ ಮೇಲೆ ಪಂಚಾಯಿತಿ ಕೂರುತ್ತದೆ. ಅಪ್ಪಣ್ಣ ರಾತ್ರಿ ಎಲ್ಲಿರುತ್ತಿದ್ದ ಎನ್ನುವುದು ಅಲ್ಲಿ ವಿಚಾರಣೆಗೆ ಬರುವುದಿಲ್ಲ. ರಾಣಿ ಹುತ್ತಕ್ಕೆ ಕೈಯಿಟ್ಟು ನಾಗನನ್ನು ಹಿಡಿದು ಸತ್ಯ ಮಾಡಬೇಕು. ಮಾಡುತ್ತಾಳೆ, ಗೆಲ್ಲುತ್ತಾಳೆ, ಜನ ಅವಳನ್ನು ದೇವತೆ ಮಾಡಿ ಕಾಲಿಗೆ ಬೀಳುತ್ತಾರೆ. ಈ ದೇವತೆ ಮಾಡುವ ಕೆಲಸದ ಬಗ್ಗೆ ನನಗೆ ಅನುಮಾನವಿದೆ. ದೇವತೆಗೆ ಕಾಯಿ ಒಡೆಯಬಹುದು, ಅವಳ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಕೇಳುವಂತಿಲ್ಲ. ನನಗೆ ಈ ಕಥೆಯಲ್ಲಿ ಬೇಕಾದವಳು ಬೇರೆ. ಕುರುಡವ್ವ. ಕಣ್ಣಿಲ್ಲದ ಮುದುಕಿ ಮಗನ ಹೆಗಲೇರಿ ಬಂದು, ಬೀಗ ಹಾಕಿದ ಮನೆಯ ಕಿಟಕಿಯ ಹೊರಗೆ ನಿಂತು, ಒಳಗಿರುವ ಹುಡುಗಿಯನ್ನು ಮಾತಾಡಿಸುತ್ತಾಳೆ. ಅವಳು ಕೊಟ್ಟ ಬೇರು ಗಂಡನನ್ನು ಒಲಿಸಲಿಲ್ಲ, ಹುತ್ತ ಸೇರಿತು. ಅದು ಇರಲಿ. ಕಣ್ಣಿದ್ದ ಊರಿನವರಿಗೆ ಕಾಣದ ಬೀಗ ಕುರುಡಿಗೆ ಕಂಡಿತು. ಕಿಟಕಿಯವರೆಗೆ ಬಂದವಳು ಅವಳೊಬ್ಬಳೇ.

ಹೂಮರದ ಕಥೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ನಾನು ನಮ್ಮಜ್ಜಿಯಿಂದ ಕೇಳಿದ್ದೆ. ರಾಮಾನುಜನ್ ಇದರ ಹಲವು ಪಾಠಗಳನ್ನು ಕರ್ನಾಟಕದಲ್ಲೇ ಸಂಗ್ರಹಿಸಿದ್ದರು, ಅವರ ಪುಸ್ತಕದ ಹೆಸರಿನಲ್ಲೂ ಇದೇ ಕಥೆಯಿದೆ. ಕಾರ್ನಾಡರು ಇದನ್ನು ಹಿಡಿದು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ದೂರದ ವಿಯೆನ್ನಾದಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಇದರ ಮೇಲೆ ಕಟ್ಟಿದ ಸಂಗೀತ ನಾಟಕ ಮೊದಲ ಬಾರಿಗೆ ನಡೆಯಿತು. ನಮ್ಮ ಅಡುಗೆಮನೆಯ ಕಥೆ ಎಷ್ಟು ದೂರ ಹೋಯಿತು!

ಕೂಲಿ ಮಾಡುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಎರಡು ಬಿಂದಿಗೆ ನೀರು ತಾ, ಉಗುರು ತಾಗಿಸಬೇಡ. ಒಂದು ಬಿಂದಿಗೆ ನನ್ನ ಮೇಲೆ ಹೊಯ್ಯಿ, ನಾನು ಹೂವಿನ ಮರ ಆಗುತ್ತೇನೆ. ಬೇಕಾದಷ್ಟು ಹೂ ಕಿತ್ತುಕೋ, ಆದರೆ ಒಂದು ಎಲೆ ಹರಿಯಬಾರದು, ಒಂದು ಚಿಗುರು ಮುರಿಯಬಾರದು. ಆಮೇಲೆ ಇನ್ನೊಂದು ಬಿಂದಿಗೆ ಹೊಯ್ಯಿ, ನಾನು ಮತ್ತೆ ಮನುಷ್ಯಳಾಗುತ್ತೇನೆ. ಅಕ್ಕ ಹಾಗೆಯೇ ಮಾಡುತ್ತಾಳೆ. ಹೂ ಕಟ್ಟಿ ಅರಮನೆಗೆ ಹೋಗಿ ಮಾರುತ್ತಾರೆ. ಎಷ್ಟು ದಿನ ಮಾಡಿದರೂ ಅಕ್ಕನ ಕೈಯಲ್ಲಿ ಒಂದು ಎಲೆಯೂ ಹರಿಯಲಿಲ್ಲ. ನಮ್ಮಜ್ಜಿ ಈ ಜಾಗಕ್ಕೆ ಬಂದಾಗ ತನ್ನ ಎರಡು ಕೈಗಳನ್ನು ಬೊಗಸೆ ಮಾಡಿ ತೋರಿಸುತ್ತಿದ್ದಳು, ಉಗುರು ಒಳಗೆ ಮಡಿಸಿಕೊಂಡು. ಬತ್ತ ಕುಟ್ಟಿ, ಸಗಣಿ ಬಳಿದು ಒರಟಾದ ಕೈಗಳು.

ರಾಜಕುಮಾರ ಮರೆಯಲ್ಲಿ ನಿಂತು ನೋಡಿ ಅವಳನ್ನೇ ಮದುವೆಯಾಗುತ್ತಾನೆ. ಮದುವೆಯಾದರೂ ಮಾತಾಡುವುದಿಲ್ಲ. ಕೊನೆಗೆ ಬಾಯಿಬಿಟ್ಟಾಗ ಕೇಳುವುದೇನು? ಮರ ಆಗು, ಹೂವಿನ ಮೇಲೆ ಮಲಗೋಣ. ಹೊಟ್ಟೆಪಾಡಿಗೆಂದು ಅವಳು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಗಂಡನ ಮನೆಯಲ್ಲಿ ಪ್ರತಿ ರಾತ್ರಿಯ ಬಿಟ್ಟಿ ಚಾಕರಿಯಾಯಿತು. ಬಾಡಿದ ಹೂವಿನ ರಾಶಿ ಹೊರಗೆ ಬಿದ್ದದ್ದನ್ನು ನಾದಿನಿ ನೋಡಿದಳು, ಗುಟ್ಟು ಪತ್ತೆಯಾಯಿತು. ತಾಯಿಯನ್ನು ಕಾಡಿ ಒಪ್ಪಿಸಿ, ಅತ್ತಿಗೆಯನ್ನು ತೋಟಕ್ಕೆ ಕರೆದುಕೊಂಡು ಹೋದಳು. ಗೆಳತಿಯರೆಲ್ಲ ಸೇರಿ ನೀರನ್ನು ಹೇಗೆಂದರೆ ಹಾಗೆ ಹೊಯ್ದರು, ಕೊಂಬೆ ಮುರಿದು ಹೂ ಕಿತ್ತರು. ಮಳೆ ಬಂತು, ಎರಡನೆಯ ಬಿಂದಿಗೆ ಹೊಯ್ಯದೆ ಓಡಿಹೋದರು. ಹುಡುಗಿ ಅತ್ತ ಮರವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ. ಕೈಯಿಲ್ಲ, ಕಾಲಿಲ್ಲ. ಚರಂಡಿಗೆ ಬಿದ್ದಳು.

ಇಲ್ಲಿ ನನಗೆ ಕಥೆಯ ಮೇಲೆ ಒಂದು ತಕರಾರಿದೆ. ಕಥೆ ಎಲ್ಲ ತಪ್ಪನ್ನೂ ನಾದಿನಿಯ ತಲೆಗೆ ಕಟ್ಟುತ್ತದೆ. ಮರದ ಹೂವಿನ ಮೇಲೆ ದಿನವೂ ಮಲಗಿದವನು ಯಾರು? ನಮ್ಮಲ್ಲಿಗೆ ಬರುವ ಎಷ್ಟೋ ಹೆಣ್ಣುಮಕ್ಕಳು ಮೊದಲು ಹೇಳುವುದು ಅತ್ತೆಯ ಹೆಸರು, ನಾದಿನಿಯ ಹೆಸರು. ಗಂಡ ಒಳ್ಳೆಯವನು, ಮಾತು ಕೇಳಿ ಹಾಳಾದ ಎನ್ನುತ್ತಾರೆ. ಬಂದ ಸರ, ಬಂದ ಸ್ಕೂಟರು ಯಾರ ಹತ್ತಿರ ಇದೆ ಎಂದು ಎರಡನೆಯ ದಿನ ಕೇಳಿದರೆ ತಲೆ ತಗ್ಗಿಸುತ್ತಾರೆ. ನಾದಿನಿಯ ತಪ್ಪಿಲ್ಲ ಎಂದಲ್ಲ. ಅವಳೂ ಆ ಮನೆಯಲ್ಲಿ ಕಲಿತದ್ದನ್ನೇ ಮಾಡಿದಳು.

ಆದರೆ ನಮ್ಮಜ್ಜಿಯಂಥವರು ಕಥೆಯನ್ನು ಚರಂಡಿಯಲ್ಲಿ ಬಿಡಲಿಲ್ಲ. ಹತ್ತಿಯ ಗಾಡಿಯವನೊಬ್ಬ ನರಳುವ ದನಿ ಕೇಳಿ ಕೆಳಗಿಳಿಯುತ್ತಾನೆ, ತನ್ನ ರುಮಾಲು ಹೊದಿಸಿ ಗಾಡಿಗೆ ಹಾಕಿಕೊಂಡು ಒಂದು ಊರಿನಲ್ಲಿ ಇಳಿಸುತ್ತಾನೆ. ಅದು ರಾಜಕುಮಾರನ ಅಕ್ಕ ಬಾಳುತ್ತಿರುವ ಊರು. ದಾಸಿಯರು ನೀರಿಗೆ ಹೋಗುವಾಗ ಬರುವಾಗ ಆ ಮುಖ ನೋಡಿ, ನಿಮ್ಮ ತಮ್ಮನ ಹೆಂಡತಿಯ ಹಾಗಿದೆ ಎಂದು ರಾಣಿಗೆ ಹೇಳುತ್ತಾರೆ. ಮೊದಲು ರಾಣಿ ಒಪ್ಪುವುದಿಲ್ಲ. ಅವರು ಬಿಡುವುದಿಲ್ಲ, ಮತ್ತೆ ಮತ್ತೆ ಹೇಳುತ್ತಾರೆ. ಕೊನೆಗೆ ಒಳಗೆ ತಂದು, ಎಣ್ಣೆ ಹಚ್ಚಿ, ಎರೆದು, ಬಟ್ಟೆ ಉಡಿಸಿ ಇರಿಸಿಕೊಳ್ಳುತ್ತಾರೆ. ಅವಳು ಯಾರೆಂದು ಖಾತ್ರಿಯಾಗುವ ಮೊದಲೇ! ಬೈರಾಗಿಯಾಗಿ ಅಲೆಯುತ್ತ ಬಂದ ರಾಜಕುಮಾರ ಅಲ್ಲೇ ಅವಳನ್ನು ಗುರುತಿಸುತ್ತಾನೆ. ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ, ಉಗುರು ತಾಗಿಸದೆ, ನೀರು ಹೊಯ್ಯುತ್ತಾನೆ. ಹೂವಿನ ಮೇಲೆ ಮಲಗಿದ್ದವನು ಆ ಕೆಲಸವನ್ನು ಕಲಿತದ್ದು ಅಷ್ಟು ಅಲೆದ ಮೇಲೆ.

ಈ ಕಥೆಯನ್ನು ಹಿಂದಿನ ತಿಂಗಳು ಸಂಘದಲ್ಲಿ ಹೇಳಿದೆ. ಧಾರಾವಾಹಿಗಳು ಈಗ ಎಲ್ಲರ ಮೊಬೈಲಿನಲ್ಲೇ ಇವೆ, ಯಾವಾಗ ಬೇಕಾದರೂ ನೋಡಬಹುದು, ಆದ್ದರಿಂದ ಹೊತ್ತಾಯ್ತು ಎನ್ನುವ ಗಲಾಟೆ ಇಲ್ಲ. ಕಂತು ಬರೆದ ಮೇಲೆ ಒಂದು ಕಥೆ ಎಂದು ಮಾಡಿಕೊಂಡಿದ್ದೇವೆ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯೊಬ್ಬಳು, ಮದುವೆ ನಿಶ್ಚಯವಾಗಿರುವವಳು, ಕಥೆ ಮುಗಿದ ತಕ್ಷಣ ಕೇಳಿದಳು: "ಗಂಡನ ಮನೆಗೆ ಹೋಗುವಾಗ ಅವಳ ಅಕ್ಕ ಏನಾದ್ಲು? ನೀರು ಹೊಯ್ಯೋದು ಗೊತ್ತಿದ್ದೋಳು ಅವಳೊಬ್ಳೇ ತಾನೇ?"

ಎಷ್ಟು ಸಲ ಹೇಳಿದ್ದೇನೆ ಈ ಕಥೆಯನ್ನು, ನನಗೆ ಹೊಳೆದಿರಲಿಲ್ಲ. ಮದುವೆಯಾದ ಮೇಲೆ ಅಕ್ಕ ಕಥೆಯಿಂದಲೇ ಮಾಯವಾಗುತ್ತಾಳೆ. ತಂಗಿ ಹೇಗಿದ್ದಾಳೆ ಎಂದು ನೋಡಲು ಒಮ್ಮೆಯೂ ಅರಮನೆಗೆ ಬರುವುದಿಲ್ಲ.

"ಕರೀದೆ ಹೋಗಾಕಾಯ್ತದಾ, ರಾಜರ ಮನೆ" ಎಂದರು ಒಬ್ಬರು. "ಹೂ ಮಾರಾಕೆ ಹೋಗ್ತಿರ್ಲಿಲ್ವಾ ಅದೇ ಮನೆಗೆ?" ಎಂದಳು ಹುಡುಗಿ. "ಅವಳಿಗೂ ಮದುವೆ ಆಗಿರ್ತದೆ, ಅವಳ ಮನೇಲಿ ಏನ್ ಕಷ್ಟವೋ" ಎಂದು ಇನ್ನೊಬ್ಬರು. ಎಲೆಅಡಿಕೆಯ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬಿಂದಿಗೆ ಎರಡನ್ನೂ ತಂಗಿ ಜೊತೇಲೇ ಕಳಿಸಬೇಕಿತ್ತು" ಎಂದರು. ಇನ್ನೊಬ್ಬಳು, "ಬಿಂದಿಗೆ ಯಾಕಜ್ಜಿ, ಅಕ್ಕನ್ನೇ ಕಳಿಸಬೇಕಿತ್ತು" ಎಂದಳು. ಹಾಗೆ ಕಳಿಸಿದರೆ ಅತ್ತೆ ಮನೆಯವರು ಸುಮ್ಮನಿರುತ್ತಾರೆಯೇ ಎಂದು ದೊಡ್ಡ ಜಗಳವೇ ಆಯಿತು. ಆ ರಾತ್ರಿ ಎರಡು ಪಾಸ್‌ಪುಸ್ತಕಕ್ಕೆ ಸಹಿ ಹಾಕಿಸುವುದೇ ಮರೆತುಹೋಯಿತು.

ಆ ಹುಡುಗಿಯ ಮದುವೆ ಮುಂದಿನ ತಿಂಗಳು. ಊರು ಬಸ್ಸಿನಲ್ಲಿ ಎರಡು ತಾಸಿನ ದಾರಿ. ಮದುವೆಯಾದ ಮೊದಲನೆಯ ಗುರುವಾರ ಯಾರು ಹೋಗಿ ನೋಡಿ ಬರಬೇಕು ಎಂದು ಹೆಸರು ಬರೆದುಕೊಂಡಿದ್ದೇವೆ. ಎರಡನೆಯ ಗುರುವಾರದ ಹೆಸರು ನನ್ನದು.